ಪ್ರವಾದಿಗಳ ಶಾಲೆಯೂ ವಿಧವೆಯ ಮನೆಯೂ

(2 ಅರಸುಗಳು, 4ನೆಯ ಅಧ್ಯಾಯ, 1ರಿಂದ 7ರ ವರೆಗಿನ ವಚನಗಳ ಮೇಲೆ)



ಎಣ್ಣೆಯ ಮೊಗೆಯ ಈ ವೃತ್ತಾಂತವನ್ನು ನಮ್ಮಲ್ಲಿ ಕೇಳದವರಿಲ್ಲ. ಆದಿತ್ಯವಾರದ ಶಾಲೆಯ ಚಿಕ್ಕ ಮಕ್ಕಳು ಸಹ ಅದನ್ನು ತಡೆಯಿಲ್ಲದೆ ಹೇಳಿಬಿಡುವರು. ಆದರೆ ಎಣ್ಣೆ ಹೆಚ್ಚಿದ ಅದ್ಭುತದ ಮೇಲೆಯೇ ನಮ್ಮ ಕಣ್ಣು ನಿಲ್ಲುವದರಿಂದ, ಮೊದಲನೆಯ ವಚನವನ್ನು ನಾವು ಅವಸರದಿಂದ ದಾಟಿಹೋಗುತ್ತೇವೆ. ಎಲೀಷನ ಮುಂದೆ ಬಂದು ಮೊರೆಯಿಟ್ಟ ಆ ಸ್ತ್ರೀಯು ಯಾರು? ಪ್ರವಾದಿಮಂಡಲಿಯವರಲ್ಲಿ ಒಬ್ಬನ ಹೆಂಡತಿ. ಇಬ್ರಿಯ ಮೂಲದಲ್ಲಿ ಇವರಿಗೆ ಪ್ರವಾದಿಗಳ ಮಕ್ಕಳೆಂದು ಹೆಸರು. ಗುರುವಿನ ಮುಂದೆ ಕೂತು ಕಲಿಯುವ ಶಿಷ್ಯರನ್ನು ಹಾಗೆ ಕರೆಯುವ ವಾಡಿಕೆ ಇತ್ತು. ಬೇತೇಲಿನಲ್ಲಿಯೂ ಯೆರಿಕೋವಿನಲ್ಲಿಯೂ ಗಿಲ್ಗಾಲಿನಲ್ಲಿಯೂ ಇಂಥವರ ಗುಂಪುಗಳಿದ್ದವು. ಹಾಗಾದರೆ ಇದು ಒಂದು ಶಾಲೆಯೇ ಸರಿ, ಮತ್ತು ಈ ವಿಧವೆಯು ಶಾಲೆಗೆ ಸೇರಿದ ಮನೆಯವಳು. ಆಕೆಯ ಗಂಡನು ಅಹಾಬನ ಮನೆವಾರ್ತೆಯವನಾದ ಓಬದ್ಯನೇ ಎಂದು ಯೆಹೂದ್ಯರ ಚರಿತ್ರಕಾರನಾದ ಯೋಸೇಫನು ಬರೆದಿದ್ದಾನೆ. ಸತ್ಯವೇದವು ಹೆಸರನ್ನು ಹೇಳದೆ ಇರುವಾಗ ನಾವೂ ಆ ವಿಚಾರವನ್ನು ಅಲ್ಲಿಗೇ ಬಿಡೋಣ. ನಮಗೆ ಬೇಕಾದದ್ದು ಇಷ್ಟು: ಮನೆಯ ಯಜಮಾನನು ಸತ್ತ ಮೇಲೆ ಆಕೆಯು ಅರಮನೆಗೆ ಹೋಗಲಿಲ್ಲ, ನ್ಯಾಯಸ್ಥಾನಕ್ಕೂ ಹೋಗಲಿಲ್ಲ, ಶಾಲೆಯ ಗುರುವಿನ ಬಳಿಗೆ ಹೋದಳು.

ಈಗ ನಮ್ಮ ಹಳ್ಳಿಗಳನ್ನು ನೋಡಿರಿ. ತಂದೆ ತೀರಿಹೋದ ಮನೆಯವರು ಶಾಲೆಯ ಉಪಾಧ್ಯಾಯರ ಬಳಿಗೆ ಹೋಗುತ್ತಾರೋ? ಉಪಾಧ್ಯಾಯರಾದರೂ ಅವರ ಬಳಿಗೆ ಹೋಗುತ್ತಾರೋ? ಸಮಾಧಿಯ ದಿವಸ ಎಲ್ಲರೂ ಬರುತ್ತಾರೆ. ಮೂರು ದಿವಸ ಒಲೆ ಹೊತ್ತಿಸಗೊಡದೆ ಅಕ್ಕಪಕ್ಕದವರು ಬುತ್ತಿ ತಂದುಕೊಡುತ್ತಾರೆ. ಈ ಒಳ್ಳೇ ವಾಡಿಕೆ ನಮ್ಮಲ್ಲಿ ಇನ್ನೂ ಅಳಿದಿಲ್ಲವೆಂದು ದೇವರಿಗೆ ಸ್ತೋತ್ರ. ಆದರೆ ಮೂರನೆಯ ವಾರದಲ್ಲಿ ಆ ಮನೆಯ ಬಾಗಿಲಿಗೆ ಬರುವವನು ಯಾರು? ಪ್ರವಾದಿಯ ಕಾಲದಲ್ಲಿ ಯಾವನು ಬಂದನೋ ಅವನೇ ಬರುತ್ತಾನೆ. ಸಾಲ ಕೊಟ್ಟವನು ಬಂದು, ಆಕೆಯ ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಎಳೆದುಕೊಂಡುಹೋಗಲು ನಿಂತಿದ್ದನು.

ಈಗ ಅಂಥ ಜೀತವಿಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ಜೀತಪದ್ಧತಿಯನ್ನು ತೆಗೆದುಹಾಕುವ ಕಾನೂನು 1976ರಲ್ಲಿ ಆಯಿತು ನಿಜ. 14 ವರುಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಕೂಲಿಗೆ ಇಟ್ಟುಕೊಳ್ಳಕೂಡದೆಂದು 2016ರ ತಿದ್ದುಪಡಿಯು ಹೇಳುತ್ತದೆ, ಅದೂ ನಿಜ. ಆದರೂ ಆ ಹುಡುಗನನ್ನು ಕೇಳಿ ನೋಡಿರಿ. ಯಾರೂ ಅವನ ಕೈಹಿಡಿದು ಎಳೆಯಲಿಲ್ಲ. ಸಂಘದ ಸಾಲದ ವಾರದ ಕಂತು ತಪ್ಪಿತು. ಗುಂಪಿನ ಹೆಂಗಸರು ತಾಯಿಯ ಮೇಲೆ ಮಾತಾಡಿದರು. ಸೋದರಮಾವನು ಬಂದು, ಗ್ಯಾರೇಜಿನಲ್ಲಿ ಒಂದು ಕೆಲಸ ಇದೆ, ಎರಡು ತಿಂಗಳು ಮಾಡಲಿ, ಆಮೇಲೆ ಶಾಲೆಗೆ ಹೋಗಲಿ ಅಂದನು. ಆ ಎರಡು ತಿಂಗಳು ಎಂದಿಗೂ ಮುಗಿಯುವದಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲಾಗಿ ನಿಲ್ಲುತ್ತವೆ. ಹೀಗೆ ಹುಡುಗನು ಹೋದನು. ಜೀತದ ಹೆಸರು ಬದಲಾಯಿತೇ ಹೊರತು ಬೇರೇನು ಬದಲಾಯಿತು?

ಮತ್ತು ಆ ಸಾಲದಲ್ಲಿ ಎಷ್ಟು ಭಾಗ ಸಾವಿನ ನಂತರವೇ ಹುಟ್ಟಿದ್ದೆಂದು ಕೇಳಿದರೆ ನಮ್ಮ ಸಭೆಗಳಿಗೆ ನಾಚಿಕೆಯಾಗಬೇಕು. ನಾಲ್ವತ್ತನೆಯ ದಿವಸದ ಊಟಕ್ಕೆ ಕುರಿ ಕೊಯ್ಯದಿದ್ದರೆ ಜನರು ಏನನ್ನುವರೋ ಎಂಬ ಭಯದಿಂದ ಬಡ್ಡಿಗೆ ಹಣ ತಂದ ವಿಧವೆಯರನ್ನು ನಾವು ಬಲ್ಲೆವು. ಹಳೆಯ ಧರ್ಮದ ತಿಥಿಯನ್ನು ಬಿಟ್ಟೆವೆಂದು ಹೇಳಿಕೊಳ್ಳುತ್ತೇವೆ. ಅದರ ಖರ್ಚನ್ನು ಮಾತ್ರ ಬಿಡಲಿಲ್ಲ. ಸಭೆಯ ಹಿರಿಯರು ಈ ಒಂದು ಊಟವನ್ನು ನಿಲ್ಲಿಸಿದರೆ, ಒಂದು ಮಗುವಿನ ಒಂದು ವರುಷದ ಓದು ಉಳಿದೀತು.

ಎಲೀಷನು ಏನು ಮಾಡಿದನು? ಮೊದಲು ಆತನು ಕೇಳಿದನು. ನಿನಗೆ ನಾನು ಮಾಡಬೇಕಾದದ್ದೇನೆಂದು ಆಕೆಯನ್ನೇ ಕೇಳಿ, ಮನೆಯಲ್ಲಿ ಏನುಂಟೆಂದು ಎರಡನೆಯ ಪ್ರಶ್ನೆಯನ್ನೂ ಕೇಳಿದನು. ಆತನ ಶಾಲೆಯು ಬಡ ಶಾಲೆಯಾಗಿತ್ತೆಂಬದನ್ನು ಮರೆಯಬಾರದು. ಅದೇ ಅಧ್ಯಾಯದ ಕಡೆಯಲ್ಲಿ ಕ್ಷಾಮ ಬಂದು ಶಿಷ್ಯರು ಕಾಡುಕಾಯಿಗಳನ್ನು ಹೆಚ್ಚಿ ಪಲ್ಯ ಮಾಡಿ ಸಾಯುವದಕ್ಕಾದರು. ನೂರು ಮಂದಿಯ ಮುಂದೆ ಇಪ್ಪತ್ತು ಜವೆಗೋದಿಯ ರೊಟ್ಟಿಗಳು ಬಂದವು. ಆರನೆಯ ಅಧ್ಯಾಯದಲ್ಲಿ ಕೂತುಕೊಳ್ಳುವದಕ್ಕೆ ಸ್ಥಳ ಸಾಲದೆ ತಾವೇ ಮರ ಕಡಿಯಲು ಹೋದರು, ಆ ಕೊಡಲಿಯಾದರೂ ಎರವಲು. ಇಂಥ ಶಾಲೆಯ ಗುರುವಿನ ಬಳಿಯಲ್ಲಿ ಕೊಡುವದಕ್ಕೆ ಹಣವೆಲ್ಲಿ? ನಮ್ಮ ಶಾಲೆ ಬಡದು, ನಾವೇನು ಮಾಡುವದಕ್ಕಾದೀತು ಎನ್ನುವ ಉಪಾಧ್ಯಾಯರೂ ಹಿರಿಯರೂ ಈ ಕೊಡಲಿಯನ್ನು ನೆನಸಿಕೊಳ್ಳಲಿ.

ಮನೆಯಲ್ಲಿ ಏನುಂಟು ಎಂಬ ಪ್ರಶ್ನೆಯು ಬಹು ಆಳವಾದದ್ದು. ಏನೂ ಇಲ್ಲವೆಂದೇ ಆ ವಿಧವೆಯು ಮೊದಲು ಹೇಳಿ, ಒಂದು ಮೊಗೆ ಎಣ್ಣೆಯ ಹೊರತು ಎಂದು ಕೂಡಿಸಿದಳು. ದುಃಖದಲ್ಲಿರುವವರಿಗೆ ತಮ್ಮ ಮನೆಯಲ್ಲಿರುವದು ಕಾಣಿಸುವದಿಲ್ಲ; ಮತ್ತೊಬ್ಬರು ಬಂದು ಕೇಳಬೇಕು. ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ ಒಬ್ಬ ಸಹೋದರನು ಎದೆನೋವಿನಿಂದ ತೀರಿಹೋದನು. ಆತನ ಮಗಳು ಆರನೆಯ ತರಗತಿಯಲ್ಲಿ ಓದುತ್ತಿದ್ದಳು. ಆಕೆಯ ಮುಖ್ಯೋಪಾಧ್ಯಾಯರು ನಮ್ಮ ಸಭೆಗೆ ಸೇರಿದವರಲ್ಲ. ಅವರು ಒಂದು ಸಾಯಂಕಾಲ ಆ ಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ಮನೆಯಲ್ಲಿರುವ ಕಾಗದಗಳನ್ನೆಲ್ಲಾ ತರಿಸಿದರು. ಒಂದು ತಗಡಿನ ಪೆಟ್ಟಿಗೆ ಬಂತು. ಅದರಲ್ಲಿ ಸತ್ತವನ ಬ್ಯಾಂಕಿನ ಪಾಸುಬುಕ್ಕು ಇತ್ತು. ಅದರಲ್ಲಿರುವದು ಎಪ್ಪತ್ತು ರೂಪಾಯಿಯೇ ಎಂದು ತಾಯಿಯು ಹೇಳಿದಳು. ಮುಖ್ಯೋಪಾಧ್ಯಾಯರು ಬೆರಳಿಟ್ಟು ಒಂದೊಂದೇ ಸಾಲನ್ನು ಓದುತ್ತಾ ಮೇ ತಿಂಗಳ ಕಡೆಗೆ ಬಂದಾಗ, 436 ರೂಪಾಯಿ ಕಡಿದದ್ದು ಕಂಡಿತು.

ಈ 436 ರೂಪಾಯಿ ಏನೆಂಬದನ್ನು ನಮ್ಮ ಪ್ರತಿಯೊಂದು ಮನೆಯವರೂ ತಿಳಿದಿರಬೇಕಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇವೆ. ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ ಎಂಬದು 2015ರಲ್ಲಿ ಆರಂಭವಾಯಿತು. 18ರಿಂದ 50 ವರುಷದೊಳಗೆ ಸೇರಿದವರ ಬ್ಯಾಂಕಿನ ಲೆಕ್ಕದಿಂದ ವರುಷಕ್ಕೊಮ್ಮೆ ಹಣವನ್ನು ತಾನಾಗಿ ಕಡಿಯುತ್ತಾರೆ. ಮೊದಲು 330 ರೂಪಾಯಿ ಇತ್ತು, 2022ರ ಜೂನ್ ತಿಂಗಳಿಂದ 436 ಆಯಿತು. ಸೇರಿದವನು 55 ವರುಷದೊಳಗೆ ಯಾವ ಕಾರಣದಿಂದ ಸತ್ತರೂ ಆತನು ಹೆಸರು ಬರೆಯಿಸಿದವರಿಗೆ 2 ಲಕ್ಷ ರೂಪಾಯಿ ಬರತಕ್ಕದ್ದು. ಹೊಸದಾಗಿ ಸೇರಿದ ಮೊದಲಿನ 30 ದಿವಸಗಳಲ್ಲಿ ಮಾತ್ರ, ಅಪಘಾತದ ಮರಣದ ಹೊರತು, ಹಣ ಬರುವದಿಲ್ಲ. ಇದರಂತೆ 20 ರೂಪಾಯಿ ಕಡಿದ ಸಾಲು ಕಂಡರೆ ಅದು ಅಪಘಾತದ ವಿಮೆಯಾಗಿರಬಹುದು. ಲೆಕ್ಕ ತೆರೆಯುವ ದಿವಸ ಗುಮಾಸ್ತನು ತೋರಿಸಿದ ಕಡೆಯಲ್ಲೆಲ್ಲಾ ರುಜು ಹಾಕಿದ ನಮ್ಮ ಎಷ್ಟೋ ಮಂದಿ ಗಂಡಸರಿಗೆ ತಾವು ಸೇರಿದ್ದೇವೆಂಬದೇ ಗೊತ್ತಿಲ್ಲ. ಅವರ ಹೆಂಡತಿಯರಿಗೆ ಗೊತ್ತಿರುವದೆಲ್ಲಿಂದ? ಪ್ರಿಯರೇ, ಆ ಒಂದು ಸಾಲೇ ಎಣ್ಣೆಯ ಮೊಗೆಯಾಗಿತ್ತು. ಅದು ಮನೆಯಲ್ಲಿಯೇ ಇತ್ತು, ಪೆಟ್ಟಿಗೆಯ ತಳದಲ್ಲಿ. ಓದಬಲ್ಲ ಒಬ್ಬನು ಜಗಲಿಯ ಮೇಲೆ ಬಂದು ಕೂತುಕೊಳ್ಳುವದೊಂದೇ ಕಡಿಮೆಯಾಗಿತ್ತು.

ಪೆಟ್ಟಿಗೆಯಲ್ಲಿ ಇಂಥ ಸಾಲು ಇಲ್ಲದ ಮನೆಗಳೇ ಹೆಚ್ಚು. ಆದರೂ ಕೇಳಬೇಕಾದ ಬೇರೆ ಸಂಗತಿಗಳುಂಟು. ಮರಣವನ್ನು 21 ದಿವಸಗಳೊಳಗೆ ಬರೆಯಿಸಿದರೆ ಖರ್ಚಿಲ್ಲ. ಆ ಮರಣಪತ್ರವಿಲ್ಲದೆ ಮುಂದಿನ ಯಾವ ಬಾಗಿಲೂ ತೆರೆಯದು. ಬಡತನದ ರೇಖೆಯ ಕೆಳಗಿರುವ ಮನೆಯಲ್ಲಿ ದುಡಿಯುವ ಮುಖ್ಯಸ್ಥನು 18ರಿಂದ 59 ವರುಷದೊಳಗೆ ಸತ್ತರೆ ರಾಷ್ಟ್ರೀಯ ಕುಟುಂಬ ನೆರವಿನಿಂದ ಒಂದು ಸಾರಿ 20,000 ರೂಪಾಯಿ ಸಿಕ್ಕುವ ಏರ್ಪಾಡಿದೆ. ವಿಧವಾ ವೇತನವು ಬೇರೆ. ಸಾಲದ ಕಾಗದದಲ್ಲಿಯೇ ಸಾಲಗಾರನ ಜೀವದ ಮೇಲೆ ವಿಮೆ ಕೂಡಿಸಿರುವದುಂಟು. ಕಂತು ಕಟ್ಟುವದಕ್ಕೆ ಮುಂಚೆ ಆ ಕಾಗದವನ್ನು ಓದಿಸಿ ನೋಡಬೇಕು. ಬಾಗಿಲಿಗೆ ಬಂದು ಬೆದರಿಸಿ ವಸೂಲುಮಾಡುವದನ್ನು ತಡೆಯಲು ನಮ್ಮ ಸರಕಾರವು 2025ರಲ್ಲಿ ಕಿರುಸಾಲದ ಕಾನೂನನ್ನು ಮಾಡಿದೆ ಎಂಬದನ್ನೂ ಆ ತಾಯಿಗೆ ಯಾರಾದರೂ ಹೇಳಬೇಕು. ಇವು ಲೌಕಿಕ ಸಂಗತಿಗಳು, ಪ್ರಸಂಗದಲ್ಲಿ ಇವಕ್ಕೇನು ಕೆಲಸ ಎಂದು ಕೇಳುವವರಿಗೆ ನಾವು ಹೇಳುವದು: ಎಣ್ಣೆಯನ್ನು ಮಾರಿ ಸಾಲ ತೀರಿಸೆಂದು ದೇವರ ಮನುಷ್ಯನೇ ಹೇಳಿದನಲ್ಲವೇ? ಆತನು ಲೆಕ್ಕವನ್ನು ತನ್ನ ಉದ್ಯೋಗಕ್ಕೆ ಕೀಳೆಂದು ಎಣಿಸಲಿಲ್ಲ.

ಇನ್ನು ಪಾತ್ರೆಗಳ ವಿಷಯ. ನೆರೆಯವರೆಲ್ಲರಿಂದ ಪಾತ್ರೆಗಳನ್ನು ಎರವಲು ತರಬೇಕೆಂದೂ ಅವು ಬರಿದಾಗಿರಬೇಕೆಂದೂ ಸ್ವಲ್ಪವೇ ತಂದರೆ ಸಾಲದೆಂದೂ ಅಪ್ಪಣೆಯಾಯಿತು. ಬರೀ ಪಾತ್ರೆ ಎರವಲು ಕೊಡಲಾರದಷ್ಟು ಬಡವನು ಯಾವ ಊರಲ್ಲಿದ್ದಾನೆ? ಎಣ್ಣೆ ಕೊಡಿರೆಂದು ಕೇಳಿದ್ದರೆ ಇಬ್ಬರು ಮೂವರು ಧನವಂತರು ಮಾತ್ರ ಕೊಡುತ್ತಿದ್ದರು, ಮತ್ತು ಆಕೆಯು ಸಾಯುವ ತನಕ ಅವರಿಗೆ ತಲೆತಗ್ಗಿಸಿಕೊಂಡು ಇರಬೇಕಾಗುತ್ತಿತ್ತು. ಪಾತ್ರೆ ಕೇಳಿದ್ದರಿಂದ ಇಡೀ ಕೇರಿಗೆ ಪಾಲು ಸಿಕ್ಕಿತು. ಶಾಲೆಯ ಸಮಾಜದಲ್ಲಿಯೂ ಹೀಗೆಯೇ. ಮೋಟರ್ ಸೈಕಲ್ ಇರುವವನು ಒಂದು ದಿವಸದ ಕೂಲಿ ಬಿಟ್ಟು ಆ ತಾಯಿಯನ್ನು ನಾಡಕಚೇರಿಗೆ ಕರಕೊಂಡು ಹೋಗಲಿ. ಪಕ್ಕದ ಮನೆಯ ಅಜ್ಜಿಯು ಆ ದಿವಸ ಕೈಕೂಸನ್ನು ನೋಡಿಕೊಳ್ಳಲಿ. ಜೊತೆಯಲ್ಲಿ ಓದುವ ಹುಡುಗಿಯು, ಹದಿನೈದು ದಿವಸಗಳಲ್ಲಿ ತಪ್ಪಿದ ಪಾಠಗಳನ್ನು ತನ್ನ ಕೈಯಿಂದ ಒಂದು ನೋಟುಪುಸ್ತಕದಲ್ಲಿ ಬರೆದು ಆಕೆಯ ಮಣೆಯ ಮೇಲೆ ಇಟ್ಟುಬಿಡಲಿ. ನಮ್ಮ ಸಭೆಯ ಹೆಂಗಸರು ಅಡಿಗೆಗೆ ಮುಂಚೆ ತೆಗೆದಿಡುವ ಹಿಡಿಯಕ್ಕಿಯಲ್ಲಿ ಒಂದು ಪಾಲು, ಬೆಳೆ ಬರುವ ತನಕ ಆ ಮನೆಗೆ ಹೋಗಲಿ. ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಇರುವದರಿಂದ ಮಕ್ಕಳ ಒಂದು ಹೊತ್ತಿನ ಚಿಂತೆ ತಪ್ಪಿದೆ. ಆದರೆ ಶಾಲೆಗೆ ಬಾರದ ಮಗುವಿಗೆ ಆ ಊಟವೂ ಇಲ್ಲ.

ಎಣ್ಣೆ ಯಾವಾಗ ನಿಂತಿತು ನೋಡಿರಿ. ದೇವರ ಬಳಿಯಲ್ಲಿ ಮುಗಿದದ್ದರಿಂದ ನಿಲ್ಲಲಿಲ್ಲ. ಮತ್ತೊಂದು ಪಾತ್ರೆ ಇಲ್ಲವೆಂದು ಮಗನು ಹೇಳಿದಾಗ ನಿಂತಿತು. ಯಾವ ಮನೆಯವರು ಕೊಡದೆ ಇದ್ದರೋ ಅದು ಬರೆದಿಲ್ಲ.

ಬಳಿಕ ಬಾಗಿಲು ಮುಚ್ಚಿಕೊಳ್ಳಬೇಕೆಂದು ಆತನು ಹೇಳಿದನು. ಇದು ನಮಗೆ ಬಹಳ ಬೇಕಾದ ಮಾತು. ನೆರವು ಕೊಡುವವರಿಗೆ ಬಾಗಿಲು ತೆರೆದಿರುವದೇ ಇಷ್ಟ. ಒಂದು ಶಾಲೆಯಲ್ಲಿ ನಾವು ಕಂಡದ್ದೇನಂದರೆ, ತಂದೆಯಿಲ್ಲದ ಇಬ್ಬರು ಮಕ್ಕಳನ್ನು ವಾರ್ಷಿಕೋತ್ಸವದ ದಿವಸ ವೇದಿಕೆಯ ಮೇಲೆ ನಿಲ್ಲಿಸಿ, ಅವರ ದುರ್ದೆಸೆಯನ್ನು ಧ್ವನಿವರ್ಧಕದಲ್ಲಿ ವರ್ಣಿಸಿ, ಎರಡು ಚೀಲಗಳನ್ನೂ ಎರಡು ಛತ್ರಿಗಳನ್ನೂ ಕೊಟ್ಟು ಛಾಯಾಚಿತ್ರ ತೆಗೆದರು. ಹಿರಿಯ ಹುಡುಗನು ಆ ಛತ್ರಿಯನ್ನು ಮಳೆಗಾಲವೆಲ್ಲಾ ಬಿಚ್ಚಲಿಲ್ಲ. ಮಕ್ಕಳಿಗೂ ಮಾನವುಂಟು, ಪ್ರಿಯರೇ. ವಿಧವೆಯ ಬಟ್ಟೆಯನ್ನು ಒತ್ತೆಯಿಟ್ಟುಕೊಳ್ಳಬಾರದೆಂದು ಮೋಶೆಯ ಧರ್ಮಶಾಸ್ತ್ರದಲ್ಲಿ ಕಟ್ಟಳೆಯಿದೆ. ಆಕೆಯ ಮಕ್ಕಳ ಮಾನವನ್ನು ಒತ್ತೆಯಿಟ್ಟುಕೊಳ್ಳುವದು ಸರಿಯೋ? ಹೊಲದಲ್ಲಿ ಮರೆತ ಸಿವುಡನ್ನು ತಿರಿಗಿ ತರಹೋಗದೆ ತಬ್ಬಲಿಗೂ ವಿಧವೆಗೂ ಬಿಡಬೇಕೆಂದು ಅದೇ ಅಧ್ಯಾಯವು ಹೇಳುತ್ತದೆ. ಮರೆತು ಬಿಟ್ಟದ್ದನ್ನು ಯಾರ ಕೈಯಿಂದ ಪಡೆದೆವೆಂದು ಅವರು ತಿಳಿಯಬೇಕಾಗಿಲ್ಲ.

ಮೊದಲನೆಯ ದಿವಸ ತಿರಿಗಿ ಶಾಲೆಗೆ ಬರುವ ಮಗುವಿನ ಸಂಗತಿಯನ್ನೂ ಹೇಳಬೇಕು. ಯೋಬನ ಸ್ನೇಹಿತರು ಏಳು ದಿವಸ ಮಾತಿಲ್ಲದೆ ನೆಲದ ಮೇಲೆ ಆತನ ಸಂಗಡ ಕೂತರು. ಬಾಯಿ ತೆರೆದ ಮೇಲೆಯೇ ಅವರು ಕೆಟ್ಟರು. ಉಪಾಧ್ಯಾಯರು ಹೆಚ್ಚು ಹೇಳಬೇಕಾಗಿಲ್ಲ. ಬಂದೆಯಾ, ಒಳ್ಳೇದಾಯಿತು, ನಿನ್ನ ಸ್ಥಳದಲ್ಲಿ ಕೂತುಕೋ ಎಂದರೆ ಸಾಕು. ಆ ಸ್ಥಳವು ಖಾಲಿಯಾಗಿ ಕಾದಿರಬೇಕು. ತಂದೆಯ ರುಜು ತರಬೇಕೆಂದು ಎಲ್ಲರಿಗೂ ಒಟ್ಟಿಗೆ ಕೂಗುವ ಅಭ್ಯಾಸವನ್ನು ಬಿಟ್ಟು, ಮನೆಯವರ ರುಜು ಎಂದು ಹೇಳಿದರೆ ನಷ್ಟವೇನು? ಲೆಕ್ಕದ ಮಧ್ಯದಲ್ಲಿ ಮಗು ಸುಮ್ಮನೆ ಕಿಟಕಿಯನ್ನು ನೋಡುತ್ತಿದ್ದರೆ ಬೆತ್ತಕ್ಕೆ ಕೈಹಾಕದೆ ಸ್ವಲ್ಪ ಬಿಡಬೇಕು. ದುಃಖವು ಮಕ್ಕಳಲ್ಲಿ ಕಣ್ಣೀರಾಗಿಯೇ ಬರುವದಿಲ್ಲ. ಒಬ್ಬನಲ್ಲಿ ಜಗಳವಾಗಿ ಬರುತ್ತದೆ, ಮತ್ತೊಬ್ಬಳಲ್ಲಿ ಹೊಟ್ಟೆನೋವಾಗಿ ಬರುತ್ತದೆ. ಆಟದ ಬಯಲಿನಲ್ಲಿ ನಗುವದನ್ನು ಕಂಡು, ಇವನಿಗೆ ಆಗಲೇ ಮರೆತುಹೋಯಿತೆಂದು ಯಾರೂ ಎಣಿಸಬಾರದು.

ಎಲ್ಲಕ್ಕಿಂತ ಕೆಟ್ಟ ಮಾತು ಒಂದುಂಟು. ಇವಳ ಕಾಲ್ಗುಣದಿಂದ ತಂದೆ ಸತ್ತನು, ಹುಟ್ಟಿ ತಂದೆಯನ್ನು ನುಂಗಿದಳು ಎಂದು ಕೇರಿಯಲ್ಲಿ ಹೇಳುವದನ್ನು ಮಕ್ಕಳು ಶಾಲೆಗೆ ತರುತ್ತಾರೆ. ಅನ್ಯರು ಹೇಳಿದರೆ ಅಜ್ಞಾನವೆನ್ನೋಣ. ಸ್ನಾನ ಹೊಂದಿ ಕರ್ತನ ಮೇಜಿಗೆ ಬರುವವರ ಬಾಯಲ್ಲಿ ಇದು ಹೇಗೆ ಬಂತು? ಮದುವೆಯ ಚಪ್ಪರದಲ್ಲಿ ವಿಧವೆಯನ್ನು ಹಿಂದಕ್ಕೆ ಕೂಡ್ರಿಸುವ ಸಭೆಯಲ್ಲಿ ಮಕ್ಕಳು ಬೇರೇನು ಕಲಿತಾರು? ನಮ್ಮ ನಾಡಿನ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಹದಿನಾರರ ಪ್ರಾಯದಲ್ಲಿ ತಂದೆತಾಯಿಗಳನ್ನು ಕ್ಷಾಮದಲ್ಲಿ ಕಳಕೊಂಡರು, ಇಪ್ಪತ್ತಮೂರರಲ್ಲಿ ಕೂಸನ್ನು ಎತ್ತಿಕೊಂಡ ವಿಧವೆಯಾದರು. ಅವರಲ್ಲಿ ಉಳಿದಿದ್ದ ಆಸ್ತಿಯು ತಾಯಿಯು ಕಲಿಸಿದ ವಿದ್ಯೆಯೊಂದೇ. 1889ರಲ್ಲಿ ಮುಂಬಯಿಯಲ್ಲಿ ಅವರು ಶಾರದಾ ಸದನವನ್ನು ತೆರೆದದ್ದು ಕಾಲ್ಗುಣ ಕೆಟ್ಟದ್ದೆಂದು ನೂಕಲ್ಪಟ್ಟ ಇಂಥವರಿಗಾಗಿಯೇ.

1876ರಿಂದ 78ರ ಮಹಾಕ್ಷಾಮದಲ್ಲಿ ನಮ್ಮ ಸೀಮೆಯ ಮಿಶನ್ನುಗಳು ಅನಾಥಶಾಲೆಗಳಲ್ಲಿ ನೂರಾರು ಮಕ್ಕಳನ್ನು ಉಳಿಸಿದವು, ಮತ್ತು ನಮ್ಮ ಎಷ್ಟೋ ಕುಟುಂಬಗಳ ಬೇರು ಆ ಶಾಲೆಗಳಲ್ಲಿದೆ. ಆದಕಾರಣ ತಂದೆ ಸತ್ತ ಕೂಡಲೆ ಮಕ್ಕಳನ್ನು ಒಂದು ಹಾಸ್ಟೆಲಿಗೆ ಸೇರಿಸಿಬಿಟ್ಟರೆ ನಮ್ಮ ಕರ್ತವ್ಯ ತೀರಿತೆಂದು ಈಗಲೂ ನಮ್ಮ ಹಿರಿಯರು ನೆನಸುವದುಂಟು. ಆ ಕ್ಷಾಮದ ಮಕ್ಕಳಿಗೆ ಯಾರೂ ಇರಲಿಲ್ಲ. ಇವರಿಗೆ ತಾಯಿ ಇದ್ದಾಳೆ. ಎಲೀಷನು ಆ ಇಬ್ಬರು ಹುಡುಗರನ್ನು ಗಿಲ್ಗಾಲಿಗೆ ಕರಕೊಂಡು ಹೋಗಲಿಲ್ಲ. ತಾಯಿಯೂ ಮಕ್ಕಳೂ ಒಳಗಿರುವಂತೆಯೇ ಬಾಗಿಲು ಮುಚ್ಚಿಸಿದನು, ಹುಡುಗರು ಪಾತ್ರೆ ತಂದುಕೊಟ್ಟರು, ತಾಯಿ ಹೊಯ್ದಳು. ಮಗುವನ್ನು ಮನೆಯಿಂದ ತೆಗೆದು ಸಂಸ್ಥೆಗೆ ಸೇರಿಸುವದು ಬೇರೆ ದಾರಿ ಇಲ್ಲದಾಗ ಮಾತ್ರವೆಂದು 2015ರ ಬಾಲನ್ಯಾಯ ಕಾನೂನು ಸಹ ಹೇಳುತ್ತದೆ. ಅದಕ್ಕೆ ತಕ್ಕಂತೆ ಮಿಶನ್ ವಾತ್ಸಲ್ಯ ಎಂಬ ಸರಕಾರದ ಏರ್ಪಾಡಿನಲ್ಲಿ, ತಂದೆಯಿಲ್ಲದೆ ತಾಯಿಯ ಬಳಿಯಲ್ಲಿಯೇ ಇದ್ದು ಓದುವ ಬಡ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವವು 2022ರಿಂದ ಉಂಟು. ಹಳ್ಳಿಯಲ್ಲಿ ಮನೆಯ ವರಮಾನವು ವರುಷಕ್ಕೆ 72,000ವನ್ನು ಮೀರಬಾರದೆಂದು ನಿಯಮ. ಎಲ್ಲರಿಗೂ ಸಿಕ್ಕುವದೆಂದು ನಾವು ಹೇಳಲಾರೆವು, ಯಾಕಂದರೆ ಹಣಕ್ಕೆ ಮಿತಿಯುಂಟು. ಆದರೆ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹೋಗದ ಹೆಸರು ಪಟ್ಟಿಗೆ ಬರುವದೇ ಇಲ್ಲ. ತಾಯಿಯು ತವರುಮನೆಗೆ ಹೋಗಬೇಕಾಗಿ ಬಂದರೆ ವರ್ಗಾವಣೆಯ ಪತ್ರ ತಡವಾಯಿತೆಂದು ಹೊಸ ಶಾಲೆಯು ಮಗುವನ್ನು ಹೊರಗೆ ನಿಲ್ಲಿಸಬಾರದು. 2010ರಿಂದ ನಡೆಯುತ್ತಿರುವ ಶಿಕ್ಷಣದ ಹಕ್ಕಿನ ಕಾನೂನಿನಲ್ಲಿ, 14 ವರುಷದ ವರೆಗಿನ ಮಕ್ಕಳಿಗೆ ಈ ಆಸರೆ ಇದೆ.

ಇಷ್ಟರ ವರೆಗೆ ತಂದೆ ಸತ್ತ ಮನೆಯ ಮಾತಾಯಿತು. ತಾಯಿ ಸತ್ತ ಮನೆಯ ಕಷ್ಟವು ಬೇರೆ ತರದ್ದು, ಮತ್ತು ಅದು ಹೊರಗೆ ಕಾಣಿಸುವದು ಕಡಿಮೆ. ಕೂಲಿ ಬರುತ್ತಲೇ ಇರುತ್ತದೆ, ಸಾಲ ಕೊಟ್ಟವನು ಬರುವದಿಲ್ಲ, ಊರವರು ಮರುಮದುವೆಯ ಮಾತು ತೆಗೆಯುತ್ತಾರೆ. ಹನ್ನೆರಡು ವರುಷದ ಹಿರಿಯ ಮಗಳು ಮಾತ್ರ ಸದ್ದಿಲ್ಲದೆ ತಾಯಿಯ ಸ್ಥಳಕ್ಕೆ ಹೋಗಿ ನಿಲ್ಲುತ್ತಾಳೆ. ಕೊಡ ಹೊತ್ತು, ರೊಟ್ಟಿ ಬಡಿದು, ತಮ್ಮನ ಮೂಗು ಒರಸುವಷ್ಟರಲ್ಲಿ ಶಾಲೆಯ ಗಂಟೆ ಹೊಡೆದುಹೋಗುತ್ತದೆ. ತಡವಾಗಿ ಬಂದಳೆಂದು ಎರಡು ಸಾರಿ ಹೊರಗೆ ನಿಲ್ಲಿಸಿದರೆ ಮೂರನೆಯ ಸಾರಿ ಆಕೆಯು ಬರುವದಿಲ್ಲ. ಈ ಹುಡುಗಿಗೆ ಬೇಕಾದದ್ದು ಹಣವಲ್ಲ. ಮೂರು ವರುಷ ತುಂಬಿದ ತಮ್ಮನನ್ನು ಅಂಗನವಾಡಿಗೆ ಬಿಟ್ಟುಬರಲು ಹೊತ್ತು ಕೊಡಬೇಕು. ಕೇರಿಯ ಇಬ್ಬರು ಅಕ್ಕಂದಿರು ಸರದಿಯ ಮೇಲೆ ಬೆಳಗಿನ ರೊಟ್ಟಿಯನ್ನು ನೋಡಿಕೊಳ್ಳಬೇಕು. ಆಕೆಯ ಶರೀರವು ಬದಲಾಗುವ ಪ್ರಾಯದಲ್ಲಿ ತಾಯಿ ಹೇಳಬೇಕಾಗಿದ್ದನ್ನು ಒಬ್ಬ ಉಪಾಧ್ಯಾಯಿನಿಯು ಏಕಾಂತದಲ್ಲಿ ಹೇಳಬೇಕು. ತಂದೆಯು ಅದನ್ನು ಹೇಳಲಾರನು. ನಾವು ಬಲ್ಲ ಒಬ್ಬ ಉಪಾಧ್ಯಾಯಿನಿಯು ಇಂಥ ಹುಡುಗಿಗಾಗಿ ಗಣಿತದ ಪಾಠವನ್ನು ಬೆಳಗಿನಿಂದ ತೆಗೆದು ಮಧ್ಯಾಹ್ನಕ್ಕೆ ಹಾಕಿದಳು. ಯಾಕೆಂದು ತರಗತಿಗೆ ಹೇಳಲಿಲ್ಲ. ಹುಡುಗಿಯು ಹನ್ನೊಂದು ಗಂಟೆಗೆ, ಇನ್ನೂ ಹಿಟ್ಟು ಒಣಗದ ಕೈಗಳಿಂದ, ಬಾಗಿಲ ಬಳಿಯಲ್ಲಿರುವ ಮಣೆಯ ಮೇಲೆ ಕೂತುಕೊಂಡು ಪುಸ್ತಕ ತೆರೆಯುವಳು.